ರಟ್ಟಿನಲ್ಲಿ ನಾಲ್ಕು ಕಿಟಕಿ

ಬೀದಿಯವರೆಲ್ಲ ಆಕೆಯನ್ನು ಕರೆಯುವುದೇ ಕತ್ತರಿ ಅಕ್ಕ ಎಂದು. ತನ್ನ ಕತ್ತರಿಯನ್ನು ಯಾರಿಗೂ ಮುಟ್ಟಗೊಡುವವಳಲ್ಲ. ಬೇಕರಿಯ ಮೇಲಿನ ಕೋಣೆಯಲ್ಲಿ ಆಕೆಯ ಹೊಲಿಗೆ ತರಗತಿ ಚೆನ್ನಾಗಿಯೇ ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ಬಟ್ಟೆಯ ನಕ್ಷೆ ಬರೆಯುವ ಸಾಫ್ಟ್‌ವೇರ್ ತಂದಳು ನೋಡಿ, ಅಲ್ಲಿಗೆ ಎಲ್ಲ ಎಡವಟ್ಟಾಯಿತು.

ತಿಂಗಳುಗಟ್ಟಲೆ ಒದ್ದಾಡಿ ಅದನ್ನು ಕಲಿತಿದ್ದಳಲ್ಲ, ಆ ಹೆಮ್ಮೆ ಸುಮ್ಮನಿರಲು ಬಿಡಬೇಕೆ? ಮೊದಲ ದಿನವೇ ಪರದೆಯ ಒಂದೊಂದು ಗುಂಡಿಯನ್ನೂ ಬಿಡಿಸಿ ಬಿಡಿಸಿ ಹೇಳಿದಳು. ನೆರಿಗೆಗೊಂದು, ಜೇಬಿಗೊಂದು, ಬಣ್ಣ ಬದಲಿಸಲೊಂದು, ಮಾಡಿದ್ದನ್ನು ಗಿರಗಿರನೆ ತಿರುಗಿಸಿ ನೋಡಲು ಇನ್ನೊಂದು. ಕಲಿಯಲು ಬಂದವರು ಹೂಂಗುಟ್ಟಿದರು, ಆಕಳಿಸಿದರು, ಆಮೇಲೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಉಳಿದವಳು ನಾದಿನಿ ಒಬ್ಬಳೇ, ಅದೂ ದಾಕ್ಷಿಣ್ಯಕ್ಕೆ. ತಿಂಗಳೊಳಗೆ ತರಗತಿ ತುಂಬದಿದ್ದರೆ ಹಿಟ್ಟಿನ ಚೀಲ ಇಡಲು ಕೋಣೆ ಬೇಕೆಂದು ಬೇಕರಿಯವನು ಹೇಳಿಹೋದ.

ಅವತ್ತೇ ನಾದಿನಿ ಏನೋ ಒತ್ತಿದಳು, ಪರದೆಯ ಮೇಲೆ ಬರೆದಿದ್ದ ಅಂಗಿಯ ತೋಳು ಮಾಯವಾಯಿತು. ಅವಳ ಕಣ್ಣು ತುಂಬಿಬಂತು.

"ನಂಗೆ ಬೇಕಾಗಿದ್ದು ಒಂದು ತೋಳು ಅತ್ತಿಗೆ. ಅದೆಲ್ಲಿದೆ ಅಂತ ಹುಡುಕೋದ್ರಲ್ಲೇ ಸಾಕಾಗಿ ಹೋಯ್ತು."

ರೇಗಲು ಹೊರಟ ಅಕ್ಕನ ಕಣ್ಣು ಪಕ್ಕದ ಹೊಲಿಗೆ ಯಂತ್ರದ ಮೇಲೆ ಬಿತ್ತು. ಅದರ ಮುಂದೆ ಹೊಸಬರು ಕುಳಿತರೆ ಆಕೆ ದಾರವನ್ನೇ ಕೊಡುವುದಿಲ್ಲ. ಗೆರೆ ಎಳೆದ ಹಳೆಯ ಕಾಗದ, ಬರೀ ಸೂಜಿ. ಗೆರೆಯ ಮೇಲೆ ತೂತು ನೆಟ್ಟಗೆ ಬಿದ್ದ ಮೇಲಷ್ಟೇ ದಾರ. ದಾರಕ್ಕೂ ಕಾಯಿಸುವವಳು ಇಲ್ಲಿ ಇಡೀ ಅಂಗಡಿಯನ್ನೇ ಅವರ ತಲೆಯ ಮೇಲೆ ಸುರಿದೆನಲ್ಲ ಎಂದು ಆಕೆಗೆ ನಾಚಿಕೆಯಾಯಿತು.

ಟೇಪು ಹಿಡಿದು ಪರದೆಯ ಅಳತೆ ತೆಗೆದಳು. ಗುಂಡಿಗಳ ಸಾಲು ಮುಚ್ಚುವಂತೆ ರಟ್ಟು ಕತ್ತರಿಸಿ, ಅದರಲ್ಲಿ ನಾಲ್ಕೇ ಕಿಟಕಿ ಕೊರೆದಳು. ಗೆರೆ, ಬಾಗು, ಅಳಿಸು, ಮುದ್ರಿಸು. ಎಲಾಸ್ಟಿಕ್ ಹಾಕಿ ಅದನ್ನು ಪರದೆಗೆ ಬಿಗಿದು, ಉಳಿದದ್ದು ಇದೆಯೆಂಬುದನ್ನೇ ಮರೆತುಬಿಡು ಎಂದಳು. ಊಟದ ಹೊತ್ತಿಗೆ ತೋಳು ಕಾಗದದ ಮೇಲೆ ಬಂತು. ಸಂಜೆಗೆ ಬಟ್ಟೆಯಾಗಿ ನಾದಿನಿಯ ಕೈಗೇರಿತು, ಒಂದು ಸುಕ್ಕಿಲ್ಲ! ಆ ಒಂಟಿ ತೋಳು ತೊಟ್ಟುಕೊಂಡೇ ಅವಳು ಬಿಟ್ಟುಹೋದವರ ಮನೆಮನೆ ಸುತ್ತಿಬಂದಳು.

ತಿಂಗಳು ಮುಗಿಯುವಷ್ಟರಲ್ಲಿ ಸರದಿಗೆ ಕಾಯುವವರಿಗೆ ಕುರ್ಚಿ ಸಾಲದಾಯಿತು. ಬೇಕರಿಯವನೇ ನಗುತ್ತಾ ಸ್ಟೂಲು ಹೊತ್ತು ತಂದ. ಅಕ್ಕನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ತನ್ನ ಸರದಿ ಬಂದಾಗ ನಾದಿನಿ ಕೈ ಚಾಚಿದಳು.

"ಕತ್ತರಿ ಕೊಡಿ ಅತ್ತಿಗೆ. ನಂಗೀಗ ಕಾಲರ್ ಬೇಕು. ಐದನೇ ಕಿಟಕಿ ನಾನೇ ಕೊರೀತೀನಿ. ಮೂರೇ ಬದಿ ಕೊಯ್ದು ಮುಚ್ಚಳದ ಹಾಗೆ ಬಿಟ್ಟಿರ್ತೀನಿ, ಹೊಸಬರು ಬಂದ್ರೆ ಮುಚ್ಚಿದ್ರಾಯ್ತು."

ಅಕ್ಕ ಕತ್ತರಿಯನ್ನು ಅವಳ ಕೈಗಿಟ್ಟಳು.