ನೀರು ಸೋರದ ಕಂಬಳಿ

ನಮ್ಮ ದೊಡ್ಡಪ್ಪ ಪಕ್ಕೀರಪ್ಪ ತಂಬ್ರಹಳ್ಳಿಯಲ್ಲಿ ಕಂಬಳಿ ನೇಯುತ್ತಿದ್ದರು. ಜರ್ಮನಿಗೆ ಹೋಗುತ್ತಿದ್ದ ಆ ಕಂಬಳಿಗಳಿಂದಲೇ ಮನೆ ನಡೆಯುತ್ತಿತ್ತು. 1983ರಲ್ಲಿ ಅವನ್ನು ಕೊಂಡು ಅಲ್ಲಿಗೆ ಸಾಗಿಸುತ್ತಿದ್ದ ವ್ಯಾಪಾರಿ ಬಂಗಾರಪ್ಪ ಇಪ್ಪತ್ತು ಕಂಬಳಿಗಳನ್ನು ಹಿಂದಕ್ಕೆ ಕಳಿಸಿದರು. ಗಂಜಿ ಸಾಲದೆ ಹೋಗಿರಬೇಕೆಂದು ದೊಡ್ಡಪ್ಪ ಎಲ್ಲಕ್ಕೂ ನೀರು ಸೋರದಂತೆ ತಡೆಯುವ ಹುಣಸೆಬೀಜದ ಗಂಜಿಯನ್ನು ಮತ್ತೊಮ್ಮೆ ಬಳಿದು ಒಣಗಿಸಿದರು. ಬಂಗಾರಪ್ಪ ಬಂದಾಗ ದೊಡ್ಡಪ್ಪ ಒಂದನ್ನು ತೊಟ್ಟಿಲಿನಂತೆ ಕಟ್ಟಿ, ಒಂದು ಕೊಡ ನೀರು ಸುರಿದರು.

“ಒಂದು ಹನಿ ಸೋರೈತೇನು ನೋಡ್ರಿ.”

“ನಿನ್ನ ಕೈಯಾಗ ತಪ್ಪಿಲ್ಲೋ ಪಕ್ಕೀರಪ್ಪ. ಸರಕಾರ ನಮ್ಮ ರೂಪಾಯಿನ ಇರಬೇಕಾದ್ದಕ್ಕಿಂತ ತುಟ್ಟಿ ಮಾಡಿ ಇಟ್ಟೈತಿ. ಅಲ್ಲಿಯವರ ರೊಕ್ಕದಾಗ ನಿನ್ನ ಕಂಬಳಿನೂ ತುಟ್ಟಿ ಆತು. ಅವರು ಬ್ಯಾರೆ ದೇಶದ್ದು ತಗೋತಾರ.”

“ಹಂಗಾದ್ರ ನಾನೇನು ತಿದ್ದಲಿ?”

ದೊಡ್ಡಪ್ಪ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದರು. ಮುಂದಿನ ವಾರದಿಂದ ಬೇರೆಯವರ ಕುರಿ ಕಾಯಲು ಹೋಗತೊಡಗಿದರು, ಅದೇ ಕಂಬಳಿ ಹೊದ್ದು.