ನೀರು ಕುಡಿದದ್ದಕ್ಕೊಂದು ಮೆಮೊ

ನೀರು ಕುಡಿದದ್ದಕ್ಕಾಗಿ ಮೆಮೊ ಪಡೆದ ಸರಕಾರಿ ನೌಕರರೆಂದರೆ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಬೇರೆ ಏನೇನೋ ಕುಡಿದು ಮೆಮೊ ಪಡೆದವರು ಬೇಕಾದಷ್ಟು ಮಂದಿ ಇದ್ದಾರೆ, ಅವರ ಹೆಸರು ಇಲ್ಲಿ ಬೇಡ. ನಾನು ಕುಡಿದದ್ದು ಬರೀ ನೀರು. ಅದೂ ಹಳ್ಳಿಯ ಬೋರಿನ ಸವುಳು ನೀರು. ಆ ಮೆಮೊವನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಇಟ್ಟಿದ್ದೇನೆ. ಯಾರಾದರೂ ನನ್ನನ್ನು ಸಾಧು ಹೆಂಗಸು ಎಂದು ಹೊಗಳಿದಾಗ ತೆಗೆದು ತೋರಿಸೋಣ ಎನ್ನಿಸುತ್ತದೆ.

ಅದು ಮತ್ತೆ ನೆನಪಾದದ್ದು ಮೊನ್ನೆ. ಸಿಂಧನೂರಿನ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗಳು ವಾರಪತ್ರಿಕೆ ಓದುತ್ತಾ ಕೂತಿದ್ದಳು. "ದೊಡ್ಡವ್ವ, ನೀರು ಭಾಳ ಕುಡದ್ರ ಆರೋಗ್ಯ ಕೆಡತೈತಂತ, ಖರೇನಾ?" ಎಂದು ಕೇಳಿದಳು. ಪಾಪ, ಅವಳದು ಸಾದಾ ಪ್ರಶ್ನೆ. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ಕೆಡತೈತಿ. ಆದ್ರ ಭಾಳ ಅಂದ್ರ ಎಷ್ಟು ಅಂತ ಯಾರು ಹೇಳೋರು, ಅದನ್ನ ಮೊದ್ಲು ಕೇಳು" ಎಂದೆ. ಹುಡುಗಿ ಜಾಣೆ. ಉದ್ದನೆಯ ಕತೆ ಬರುತ್ತದೆಂದು ತಿಳಿದು ಪತ್ರಿಕೆ ಮಡಚಿಟ್ಟಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಕಡೆ ಮನೆಗೆ ಬಂದವರ ಹೆಸರು ಕೇಳುವ ಮೊದಲು ನೀರು ಕೊಡುತ್ತೇವೆ. ಕೋರ್ಟಿನಲ್ಲಿ ಹೊಲದ ವ್ಯಾಜ್ಯ ನಡೆಸುತ್ತಿರುವ ದಾಯಾದಿ ಬಂದರೂ ತಂಬಿಗೆ ಮುಂದಿಟ್ಟ ಮೇಲೆಯೇ ಬೈಗುಳ. ಇಂಥ ಸೀಮೆಯಲ್ಲಿ ಹುಟ್ಟಿದ ನಾನು ಹತ್ತು ವರ್ಷ ಬಾಯಾರಿಕೊಂಡೇ ನೌಕರಿ ಮಾಡಿದೆ. ನೀರಿಗೆ ಬರವಿತ್ತೆಂದಲ್ಲ. ಸಿಂಧನೂರಿನಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು, ಶಾಲೆಯ ಮೂಲೆಯಲ್ಲಿ ಮಣ್ಣಿನ ಹರವಿ ತುಂಬಿರುತ್ತಿತ್ತು. ಕುಡಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆಯಾಗಿತ್ತು.

ನಾನು ವಿಜ್ಞಾನದ ಟೀಚರು. ಎಂಬತ್ತರ ದಶಕದ ಆರಂಭದಲ್ಲಿ ಮಸ್ಕಿ ದಾಟಿ ಲಿಂಗಸುಗೂರಿನ ದಿಕ್ಕಿಗಿರುವ ಒಂದು ಹಳ್ಳಿಯ ಹೈಸ್ಕೂಲಿಗೆ ನೇಮಕವಾಯಿತು. ಹಳ್ಳಿಯ ಹೆಸರು ಹೇಳುವುದಿಲ್ಲ, ಈಗ ಅಲ್ಲಿನವರು ನನಗೆ ಬೀಗರಷ್ಟು ಬೇಕಾದವರು. ಬೆಳಿಗ್ಗೆ ಏಳಕ್ಕೆ ಸಿಂಧನೂರಿನಲ್ಲಿ ಬಸ್ಸು ಹತ್ತಿದರೆ ಮನೆಯ ಬಚ್ಚಲು ಮತ್ತೆ ಕಾಣುವುದು ಸಂಜೆ ಏಳಕ್ಕೆ. ಶಾಲೆಗೆ ಮೂರು ಕೋಣೆ, ಒಂದು ಗಂಟೆ, ಒಂದು ಧ್ವಜದ ಕಂಬ ಇತ್ತು. ಗಂಡಸರಿಗೆ ಹಿಂದಿನ ಗೋಡೆ ಮತ್ತು ಜಾಲಿ ಗಿಡಗಳಿದ್ದವು. ನಮಗೆ ತಾಳ್ಮೆ ಇತ್ತು.

ಆ ತಾಳ್ಮೆಯನ್ನು ನನಗೆ ಕಲಿಸಿದವರು ಶಾಂತಮ್ಮ ಅಕ್ಕೋರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು. ಅವರು ಕನ್ನಡ ಕಲಿಸುತ್ತಿದ್ದರು, ನನಗಿಂತ ಹತ್ತು ವರ್ಷ ಮುಂಚೆ ಅಲ್ಲಿಗೆ ಬಂದವರು. ಶಾಲೆಯಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಮೊದಲ ದಿನ ನಾನು ಹರವಿಯ ಕಡೆಗೆ ಹೋದಾಗ ಸೆರಗು ಹಿಡಿದು ಎಳೆದರು. "ಏ ತಂಗಿ, ಹುಚ್ಚಿ ಏನು ನೀ? ಮುಂಜಾನೆ ಅರ್ಧ ಗಿಲಾಸು, ಆಮ್ಯಾಲೆ ಸಂಜಿಗೆ ಮನ್ಯಾಗ. ನಡುವ ಬಾಯಿ ಒಣಗಿದ್ರ ಇದನ್ನ ಇಟ್ಕೋ" ಎಂದು ಸೊಂಟದಿಂದ ಒಂದು ಚಿಕ್ಕ ತಗಡಿನ ಡಬ್ಬಿ ತೆಗೆದು ಒಣಗಿಸಿದ ನೆಲ್ಲಿಕಾಯಿ ಚೂರು ಕೊಟ್ಟರು. ಅದನ್ನು ದವಡೆಯಲ್ಲಿಟ್ಟುಕೊಂಡರೆ ಎರಡು ಪಿರಿಯಡ್ಡಿಗೆ ಸಾಕಾಗುವಷ್ಟು ಜೊಲ್ಲು ಬರುತ್ತದೆ. ಮೊಲದಂತೆ ದವಡೆ ಆಡಿಸುತ್ತಾ ನಾವಿಬ್ಬರೂ ಪಾಠ ಹೇಳುತ್ತಿದ್ದೆವು. ನಾವು ಎಲೆ ಅಡಿಕೆಯ ಚಟದವರು ಎಂದು ಮಕ್ಕಳು ತಿಳಿದಿದ್ದರು.

ಈಗ ನನ್ನ ಮೂರ್ಖತನ ಕೇಳಿ. ಪ್ರತಿ ವರ್ಷ ಹತ್ತನೆಯ ತರಗತಿಗೆ ನಾನು ಮೂತ್ರಪಿಂಡದ ಚಿತ್ರ ಬರೆದು ಪಾಠ ಮಾಡುತ್ತಿದ್ದೆ. ಅವರೆ ಬೀಜದ ಆಕಾರ, ಎರಡು ನಾಳ, ಕೆಳಗೊಂದು ಚೀಲ. "ದಿನಾ ಸಾಕಷ್ಟು ನೀರು ಕುಡೀಬೇಕು, ಇಲ್ಲಂದ್ರ ಕಿಡ್ನ್ಯಾಗ ಹಳ್ಳು ಆಗ್ತಾವು" ಎಂದು ಒಣಗಿದ ಬಾಯಿಂದ ಹೇಳುತ್ತಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು. ಊಟಕ್ಕೆ ಮನೆಗೆ ಹೋದ ದೊಡ್ಡ ಹುಡುಗಿಯರಲ್ಲಿ ಅರ್ಧ ಮಂದಿ ಮಧ್ಯಾಹ್ನ ತಿರುಗಿ ಬರುತ್ತಿರಲಿಲ್ಲ. ಅವರು ಸೋಮಾರಿಗಳೆಂದು ಹಾಜರಿ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದವಳೂ ನಾನೇ. ಕಾರಣ ಗೊತ್ತಿದ್ದೂ ಗೀಟು ಹಾಕಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಹತ್ತನೆಯ ವರ್ಷ ನನ್ನದೇ ಮೂತ್ರಪಿಂಡದ ಕಲ್ಲು ತನ್ನ ಇರವನ್ನು ತಿಳಿಸಿತು. ಬಸ್ಸು ಮಸ್ಕಿ ಬಿಟ್ಟಿತ್ತು. ಬೆನ್ನಿನ ಬಲಗಡೆಯಿಂದ ಎದ್ದ ನೋವಿಗೆ ನಾನು ಮುಂದಿನ ಸೀಟಿನ ಮುದುಕನ ರುಮಾಲು ಹಿಡಿದು ಜಗ್ಗಿದೆನಂತೆ. ಶಾಲೆಯ ಊರಿನಲ್ಲಿ ಇಳಿಸದೆ ನೇರ ಲಿಂಗಸುಗೂರಿಗೆ ಒಯ್ದರು. ಅಲ್ಲಿನ ಡಾಕ್ಟರು ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುವವರು. "ಏನ್ ಕೆಲಸ ಮಾಡ್ತೀರಿ?" ಎಂದರು. ವಿಜ್ಞಾನದ ಟೀಚರು ಎಂದೆ. "ದಿನಕ್ಕ ನೀರು ಎಷ್ಟು ಕುಡೀತೀರಿ?" ಎಂದರು. ಅರ್ಧ ಗ್ಲಾಸು ಎನ್ನಲು ನಾಲಿಗೆ ಬರಲಿಲ್ಲ. ಬೆರಳಿನಲ್ಲಿ ಅಳತೆ ತೋರಿಸಿದೆ. "ಇನ್ನೂ ಹಿಂಗ ಮಾಡಿದ್ರ ಒಂದು ಕಿಡ್ನಿ ಕೈ ಬಿಡತೈತ್ರೀ ಅಕ್ಕೋರ. ಇನ್ನೊಂದು ಎಷ್ಟು ದಿನ ಅಂತ ನಾ ಹೇಳಾಂಗಿಲ್ಲ" ಎಂದರು.

ಅಂಜಿಕೆ ಮನುಷ್ಯನಿಗೆ ಎಷ್ಟು ಧೈರ್ಯ ಕೊಡುತ್ತದೆಂಬುದು ನನಗೆ ಆಗ ತಿಳಿಯಿತು. ಮರುವಾರ ಹಿತ್ತಾಳೆ ತಂಬಿಗೆ ತಂದು ಮೇಜಿನ ಮೇಲಿಟ್ಟೆ. ಪ್ರತಿ ಪಿರಿಯಡ್ಡಿಗೂ ಗಟಗಟ ಕುಡಿದೆ. ಕುಡಿದ ನೀರು ಒಳಗೆ ಸುಮ್ಮನಿರುತ್ತದೆಯೇ? ಶಾಲೆಯಿಂದ ಎರಡು ಫರ್ಲಾಂಗು ದೂರದಲ್ಲಿ ಹುಲಿಗೆವ್ವ ಎಂಬ ಮುದುಕಿಯ ಮನೆಯಿತ್ತು, ಆಕೆ ತನ್ನ ಬಚ್ಚಲು ಬಿಟ್ಟುಕೊಟ್ಟಳು. ಹೋಗಿ ಬರಲು ಇಪ್ಪತ್ತು ನಿಮಿಷ ಬೇಕು. ಹೆಡ್‌ಮಾಸ್ತರು ಎರಡು ದಿನ ನೋಡಿ ಮೂರನೆಯ ದಿನ ಕರೆದರು. ಕೆಟ್ಟವರಲ್ಲ ಅವರು, ನಿಯಮಕ್ಕೆ ಹೆದರುವ ಮನುಷ್ಯ. "ಕಂಪೌಂಡ್ ದಾಟಿ ಹೋಗೂದಾದ್ರ ಮೂವ್‌ಮೆಂಟ್ ರಿಜಿಸ್ಟರ್‌ದಾಗ ಬರದು ಹೋಗ್ರಿ" ಎಂದರು.

ಆ ರಿಜಿಸ್ಟರಿನಲ್ಲಿ ಹೊರಟ ವೇಳೆ, ಕಾರಣ, ಮರಳಿದ ವೇಳೆ, ಸಹಿ ಎಂದು ನಾಲ್ಕು ಕಾಲಮುಗಳಿದ್ದವು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಚಹಾದ ಹೋಟೆಲಿಗೆ ಹೋದವರೆಲ್ಲ "ಶಾಲಾ ಕಾರ್ಯನಿಮಿತ್ತ" ಎಂದು ಬರೆದಿದ್ದರು. ನಾನು ಪೆನ್ನು ತೆಗೆದು ದುಂಡಗೆ ಬರೆದೆ: "ನೀರು ಕುಡಿದಿದ್ದೇನೆ. ಮೂತ್ರಕ್ಕೆ."

ಹೆಡ್‌ಮಾಸ್ತರು ಅದನ್ನು ಓದಿ ಕಿವಿಯವರೆಗೆ ಕೆಂಪಾದರು. "ಅಯ್ಯ ಅಕ್ಕೋರ, ಇದೇನ್ ಬರದೀರಿ? ನಾಳಿಗಿ ಯಾರರ ನೋಡಿದ್ರ? ಸ್ವಂತ ಕೆಲಸ ಅಂತ ಬರೀರಿ."

"ಸ್ವಂತ ಕೆಲಸ ಅಂದ್ರ ರಜಾ ಕಡದು ಹಾಕ್ತೀರಿ ಸರ್. ಮತ್ತ ಇದು ನನ್ನೊಬ್ಬಾಕಿ ಸ್ವಂತದ್ದಲ್ರೀ, ಎಲ್ಲಾರ್ದೂ ಐತಿ" ಎಂದೆ.

ಶಾಂತಮ್ಮ ಅಕ್ಕೋರು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. "ಹೆಣ್ಣಮಕ್ಕಳ ಮಾನ ಪುಸ್ತಕದಾಗ ಬರದಿಟ್ಯಲ್ಲ" ಎಂಬುದು ಅವರ ಸಂಕಟ. ನಾನೂ ಬರೆದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತಿದ್ದೆ ಎಂದು ಅವರಿಗೆ ಹೇಳಲಿಲ್ಲ. ದಿನಕ್ಕೆ ನಾಲ್ಕು ಸಲ ಬರೆದೆ, ನಾಲ್ಕು ತಿಂಗಳು ಬರೆದೆ. ತಪಾಸಣೆಗೆ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದರು. ಲೆಕ್ಕವಿಲ್ಲದಷ್ಟು ಕಡತ ಬಿಟ್ಟು ಅವರ ಕೈಗೆ ಸಿಕ್ಕಿದ್ದು ಅದೇ ರಿಜಿಸ್ಟರು. ಪುಟ ತಿರುವಿದರು, ಇನ್ನೊಂದು ತಿರುವಿದರು. ಎಲ್ಲ ಪುಟದಲ್ಲೂ ನಾನು ನೀರು ಕುಡಿದಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ಶೌಚಾಲಯ ಎಲ್ಲಿದೆ ಎಂದೂ ಕೇಳಲಿಲ್ಲ. ಹದಿನೈದು ದಿನಕ್ಕೆ ಮೆಮೊ ಬಂತು: "ಸದರಿ ಶಿಕ್ಷಕಿಯು ಶಾಲಾ ವೇಳೆಯಲ್ಲಿ ಅತಿಯಾಗಿ ನೀರು ಸೇವಿಸುವುದರಿಂದ ಪಾಠಗಳಿಗೆ ಬಾಧೆಯುಂಟಾಗುತ್ತಿದ್ದು, ಇನ್ನು ಮುಂದೆ ಮಿತವಾಗಿ ಸೇವಿಸತಕ್ಕದ್ದು."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಅಂದೇ ಉತ್ತರ ಬರೆದೆ: "ಮಿತ ಎಂದರೆ ಎಷ್ಟು ತಂಬಿಗೆ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ." ಅಷ್ಟಕ್ಕೆ ನಿಲ್ಲಿಸಿದ್ದರೆ ಇಂದು ಎದೆಯುಬ್ಬಿಸಿ ಕತೆ ಹೇಳಬಹುದಿತ್ತು. ಆದರೆ ಹಟ ಎಂಬುದು ಬುದ್ಧಿಗೆ ಮುಸುಕು ಹಾಕುತ್ತದೆ. ಅಂದು ಸೋಮವಾರ, ನನ್ನ ಉಪವಾಸ. ಫೆಬ್ರುವರಿಗೇ ನೆತ್ತಿ ಸುಡುವ ನಮ್ಮ ಕಡೆಯ ಬಿಸಿಲು, ತಗಡಿನ ಮಾಡು, ಮೈಯೆಲ್ಲ ಬೆವರು. ಹೆಡ್‌ಮಾಸ್ತರ ಎದುರಿಗೇ ಕುರ್ಚಿ ಹಾಕಿಕೊಂಡು ಒಂದು ತಂಬಿಗೆ ಕುಡಿದೆ. ಎರಡು ಕುಡಿದೆ. ಬಾಯಾರಿಕೆ ಯಾವಾಗಲೋ ಮುಗಿದಿತ್ತು, ನಾನು ಕುಡಿಯುತ್ತಿದ್ದದ್ದು ಇಲಾಖೆಯ ಮೇಲಿನ ಸಿಟ್ಟಿಗೆ. ಮಧ್ಯಾಹ್ನದೊಳಗೆ ಆರು ತಂಬಿಗೆ ಇಳಿಸಿದೆ.

ಮಧ್ಯಾಹ್ನದ ಎರಡನೆಯ ಪಿರಿಯಡ್ಡಿನಲ್ಲಿ ಅದೇ ಮೂತ್ರಪಿಂಡದ ಚಿತ್ರ ಬರೆಯುತ್ತಿದ್ದೆ. ತಲೆ ಸಿಡಿಯತೊಡಗಿತು. ಚಿತ್ರದ ಪಕ್ಕದಲ್ಲಿ "ಹೃದಯ" ಎಂದು ಬರೆದೆನಂತೆ. ಮುಂದಿನ ಸಾಲಿನ ಹುಡುಗಿ "ಅಕ್ಕೋರ, ತಪ್ಪೈತ್ರೀ" ಎಂದದ್ದಷ್ಟೇ ನೆನಪು. ವಾಂತಿ ಮಾಡಿಕೊಂಡು ಕುಸಿದೆ. ಕಣ್ಣು ತೆರೆದಾಗ ಲಿಂಗಸುಗೂರಿನ ಅದೇ ಡಾಕ್ಟರ ಮುಂದೆ, ಶಾಂತಮ್ಮ ಅಕ್ಕೋರ ತೊಡೆಯ ಮೇಲೆ ತಲೆ, ಕೈಗೆ ಸಲಾಯಿನ್. "ನಾ ಕುಡೀರಿ ಅಂದಿದ್ದೆ, ಕೆರಿ ಖಾಲಿ ಮಾಡ್ರಿ ಅಂದಿದ್ದಿಲ್ಲ" ಎಂದರು ಡಾಕ್ಟರು. "ಹೊಟ್ಟಿಗಿ ಏನೂ ಇಲ್ಲ, ಬೆವರಿನಾಗ ಉಪ್ಪು ಹೋಗೇತಿ, ಮ್ಯಾಲೆ ಒಂದ ಸಮ ನೀರು ಸುರಕೊಂಡ್ರ ರಕ್ತದಾಗಿನ ಉಪ್ಪು ತೆಳ್ಳಗಾಗತೈತಿ. ಇದ್ರಾಗ ಜೀವಾನೂ ಹೋಗತೈತ್ರೀ." ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹಿರಿಯರು ಹೇಳಿದ್ದಾರೆ. ನೀರು ಕುಡಿದವಳು ಉಪ್ಪು ತಿನ್ನಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ.

ಮೆಮೊ ಗೆದ್ದಿತು ಎನ್ನಿಸಿತು. "ನೀರು ಕುಡದು ಅಕ್ಕೋರು ಸಾಯಾಕತ್ತಿದ್ರಂತ" ಎಂಬ ಸುದ್ದಿ ಹಳ್ಳಿಯಿಂದ ಮಸ್ಕಿಯವರೆಗೆ ಹೋಗಿರುತ್ತದೆ. ಇನ್ನು ಯಾವ ಮುಖ ಹೊತ್ತು ಆ ರಿಜಿಸ್ಟರಿನ ಮುಂದೆ ನಿಲ್ಲಲಿ? ಕಣ್ಣು ಮುಚ್ಚಿ ಅಳುತ್ತಾ ಮಲಗಿದ್ದೆ. ಆಗ ಶಾಂತಮ್ಮ ಅಕ್ಕೋರು ಬಹಳ ಮೆಲ್ಲಗೆ ಕೇಳಿದರು, "ಡಾಕ್ಟರ್ರ, ಒಂದಿನ ಭಾಳ ಕುಡದ್ರ ಹಿಂಗಾಗತೈತಿ. ಇಪ್ಪತ್ತು ವರ್ಷ ಕುಡೀಲಿಲ್ಲಂದ್ರ ಏನಾಗತೈತ್ರೀ?"

ಡಾಕ್ಟರು ಕನ್ನಡಕ ತೆಗೆದರು. ಆಮೇಲೆ, "ನೀವೂ ಬರ್ರಿ ಅಕ್ಕೋರ, ತೋರಿಸ್ಕೊಳ್ರಿ" ಎಂದರು.

ನಾಲ್ಕನೆಯ ದಿನ ಶಾಲೆಗೆ ಹೋದೆ. ಇಡೀ ದಾರಿ ಯೋಚಿಸಿಕೊಂಡು, ಇನ್ನು ಮೇಲೆ ತೆಪ್ಪಗೆ ನೆಲ್ಲಿಕಾಯಿ ಚೀಪುತ್ತೇನೆ ಎಂದು ನಿಶ್ಚಯಿಸಿದ್ದೆ. ಸಹಿ ಹಾಕಲು ಹೋದವಳು ಸುಮ್ಮನೆ ಆ ರಿಜಿಸ್ಟರು ತೆರೆದೆ. ನಾನಿಲ್ಲದ ದಿನಗಳ ಪುಟದಲ್ಲಿ ನನ್ನ ವಾಕ್ಯ ಇರಬಾರದಿತ್ತು, ಇತ್ತು. ಕನ್ನಡ ಟೀಚರ ಮುತ್ತಿನಂಥ ಅಕ್ಷರದಲ್ಲಿ, ಒಂದು ಕಾಗುಣಿತ ತಪ್ಪಿಲ್ಲದೆ, ದಿನಕ್ಕೆ ಮೂರು ಸಲ ಬರೆದಿತ್ತು: "ನೀರು ಕುಡಿದಿದ್ದೇನೆ. ಮೂತ್ರಕ್ಕೆ." ಕೆಳಗೆ ಶಾಂತಮ್ಮನವರ ಪೂರ್ಣ ಸಹಿ. ಹಿಂದಿರುಗಿ ನೋಡಿದೆ. ಅವರು ಹರವಿಯ ಹತ್ತಿರ ನಿಂತು ತಂಬಿಗೆ ಎತ್ತಿ ಕುಡಿಯುತ್ತಿದ್ದರು. ಇಪ್ಪತ್ತು ವರ್ಷದ ನೀರಡಿಕೆ, ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ನನಗೆ ದುಃಖ ತಡೆಯಲಾಗಲಿಲ್ಲ, ಅಲ್ಲಿಯೇ ನಿಂತು ಅತ್ತುಬಿಟ್ಟೆ. "ಅಳಬ್ಯಾಡ, ಇದ್ದ ಉಪ್ಪೂ ಹೋದೀತು" ಎಂದರು ಅವರು, ಬಾಯಿ ಒರೆಸಿಕೊಳ್ಳುತ್ತಾ.

ಒಬ್ಬಳು ಹೊರಗೆ ಹೋದರೆ ಒಂದು ತರಗತಿ ಗದ್ದಲ, ಇಬ್ಬರು ಹೋದರೆ ಶಾಲೆಯೇ ಸಂತೆ. ಹೆಡ್‌ಮಾಸ್ತರು ಒಂದು ತಿಂಗಳು ತಡೆದುಕೊಂಡರು. ಒಂದು ಮುಂಜಾನೆ ಬಂಡಿಯಲ್ಲಿ ಚಪ್ಪಡಿಯಂಥ ಪರಸಿ ಕಲ್ಲುಗಳು ಬಂದವು. ಪೂರ್ವದ ಗೋಡೆಗೆ ಹೊಂದಿಸಿ ಮೂರು ಬದಿ ನೆಟ್ಟರು, ಬಾಗಿಲಿಗೆ ತಗಡು ಕಟ್ಟಿದರು, ಒಳಗೆ ಒಂದು ಕೊಡ ನೀರು ಇಟ್ಟರು. "ರಿಜಿಸ್ಟರ್ ತುಂಬಾಕತ್ತಿತ್ರೀ" ಎಂದು ಮುಖ ಬೇರೆ ಕಡೆ ತಿರುಗಿಸಿ ಹೇಳಿದರು. ಅಷ್ಟು ಸಂಕೋಚದ ಮನುಷ್ಯ ಅಷ್ಟು ಮಾಡಿದ್ದು ದೊಡ್ಡದು. ಮೊದಲು ಒಳಗೆ ಹೋದವರು ನಾವಿಬ್ಬರಲ್ಲ, ಹತ್ತನೆಯ ತರಗತಿಯ ಹುಡುಗಿಯರು. ಆ ಮಳೆಗಾಲದಿಂದ ಮಧ್ಯಾಹ್ನದ ಹಾಜರಿಯಲ್ಲಿ ನಾನು ಹಾಕುವ ಗೀಟುಗಳು ಕಡಿಮೆಯಾದವು.

ಶಾಂತಮ್ಮ ಅಕ್ಕೋರು ನಿವೃತ್ತರಾಗುವ ದಿನ ನೆಲ್ಲಿಕಾಯಿಯ ತಗಡಿನ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. "ನನಗ ಇದು ಬ್ಯಾಡಾಗೇತಿ. ಬ್ಯಾಡಾದ ವಸ್ತು ಅಂತ ಬೀಸಾಡಬ್ಯಾಡ" ಎಂದರು. ಬಿಸಾಡಿಲ್ಲ. ತೊಳೆದು ಅದರಲ್ಲಿ ಉಪ್ಪು ತುಂಬಿ ತಂಬಿಗೆಯ ಪಕ್ಕದಲ್ಲಿಟ್ಟಿದ್ದೇನೆ. ಬೇಸಗೆಯಲ್ಲಿ ಮಜ್ಜಿಗೆಗೆ ಚಿಟಿಕೆ ಹಾಕಿಕೊಳ್ಳುತ್ತೇನೆ.

ಈಗ ಸಿಂಧನೂರಿನ ಬಸ್‌ ಸ್ಟ್ಯಾಂಡಿನಲ್ಲಿ ನೀರನ್ನು ಬಾಟಲಿಯಲ್ಲಿ ಮಾರುತ್ತಾರೆ. ಗಂಡಸರು ಕೊಂಡು ಗಟಗಟ ಕುಡಿಯುತ್ತಾರೆ. ಪಕ್ಕದಲ್ಲಿ ಕೂತ ಹೆಂಗಸು ತುಟಿ ಒದ್ದೆ ಮಾಡಿಕೊಂಡು ಬಾಟಲಿ ತಿರುಗಿ ಕೊಡುತ್ತಾಳೆ. ಅವಳಿಗೆ ಯಾವ ವಾರಪತ್ರಿಕೆ ಎಚ್ಚರಿಕೆ ಹೇಳಬೇಕು? ನೀರು ಅತಿಯಾದರೆ ಕೆಡುಕು ಹೌದು, ಬಿದ್ದು ಎದ್ದವಳು ನಾನು, ಆಣೆ ಮಾಡಿ ಹೇಳುತ್ತೇನೆ. ಆದರೆ ನನ್ನ ಆಯುಷ್ಯದಲ್ಲಿ ಅತಿಯಾಗಿ ಕುಡಿದದ್ದು ಒಂದೇ ಸೋಮವಾರ, ಕುಡಿಯದೆ ಕಳೆದದ್ದು ಹತ್ತು ವರ್ಷ. ತಂಗಿಯ ಮಗಳು ಎಲ್ಲ ಕೇಳಿ, "ಹಂಗಾದ್ರ ಮಿತ ಅಂದ್ರ ಎಷ್ಟು ದೊಡ್ಡವ್ವ?" ಎಂದಳು. ಅದನ್ನು ನಾನು ಬರವಣಿಗೆಯಲ್ಲಿಯೇ ಕೇಳಿದ್ದೇನೆ. ಇಲಾಖೆಯ ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಬಾಯಾರಿದಾಗಲೆಲ್ಲ ಕುಡಿಯುತ್ತಿರುತ್ತೇನೆ.