ಬಿಟ್ಟುಹೋದ ಒಂದು ಸೊನ್ನೆ

ಕಳೆದ ವಾರ ಪಾಂಡವಪುರದ ಗೊಬ್ಬರದ ಅಂಗಡಿಯಲ್ಲಿ ಬಿಲ್ಲಿಗೆ ಕಾಯುತ್ತಿದ್ದೆ. ಮೂಲೆಯಲ್ಲಿದ್ದ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಶುರುಮಾಡಿತು. ಬಿಸಿಯಾದ ರಿಬ್ಬನ್ನಿನ ವಾಸನೆ ಮೂಗಿಗೆ ಬಡಿದದ್ದೇ ನನ್ನ ಅಂಗೈ ಬೆವರಿತು. ಆ ವಾಸನೆಯ ಹಿಂದೆಯೇ ನಮ್ಮ ಕಂಪ್ಯೂಟರ್ ಮೇಷ್ಟ್ರು ಬಂದು ನಿಂತರು... ಎಲ್ಲರಿಗೂ ಕಾಣುವಂತೆ ಎದೆಯ ಜೇಬಿನಲ್ಲಿ ಒಂದು ಫ್ಲಾಪಿ.

ತೊಂಬತ್ತರ ದಶಕದ ನಡುವಿನಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ಒಂದು ಮಹಡಿಯ ಮೇಲೆ ತರಗತಿ ನಡೆಸುತ್ತಿದ್ದರು. ಬಿ.ಎಸ್ಸಿ. ಮುಗಿಸಿದ್ದ ನಾನು ಪಾಲಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಸಿ ಭಾಷೆ ಕಲಿಯುತ್ತಿದ್ದೆ. ಚಪ್ಪಲಿ ಹೊರಗೆ ಬಿಡಬೇಕು, ಕಂಪ್ಯೂಟರಿಗೆ ಕೈಮುಗಿಯಬೇಕು, ಪ್ರಶ್ನೆ ಕೇಳಕೂಡದು. ಅವರಿಗೆ ಗೊತ್ತಿದ್ದದ್ದು ಒಂದು ಪುಸ್ತಕದ ಮೊದಲರ್ಧ. ಉಳಿದರ್ಧಕ್ಕೆ ದೊಡ್ಡ ಗಂಟಲಿತ್ತು.

ಅವರಿಗೆ ಪ್ರಚಾರದ ಹುಚ್ಚು ಹಿಡಿಯಿತು. ಸುತ್ತಲ ಊರುಗಳ ಪಂಪ್‌ಸೆಟ್ಟಿಗೆ ಯಾವ ಗಂಟೆಯಲ್ಲಿ ಕರೆಂಟು ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದನ್ನು ಮುದ್ರಿಸಿ, ಮೇಲೆ ತರಗತಿಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಹಾಲಿನ ಡೇರಿಗಳ ಗೋಡೆಗೆ ಅಂಟಿಸುವುದು. ಟೆಕ್ಸ್ಟ್ ಫೈಲಿನಲ್ಲಿ ಊರಿಗೊಂದು ಸಾಲು. ಸಾಲಿನಲ್ಲಿ ಗಂಟೆಗೊಂದು ಅಂಕಿ. ಕರೆಂಟಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅದನ್ನು ಎರಡು ಆಯಾಮದ ಅರೇಗೆ, ಅಂದರೆ ಅಡ್ಡಕ್ಕೆ ಗಂಟೆ, ಕೆಳಕ್ಕೆ ಊರು ಇರುವ ಮನೆಗಳ ಕೋಷ್ಟಕಕ್ಕೆ ತುಂಬಬೇಕು. ಮೇಷ್ಟ್ರ ಪ್ರೋಗ್ರಾಂ ಸಾಲು ಎಲ್ಲಿ ಮುಗಿಯಿತೆಂದು ನೋಡುತ್ತಲೇ ಇರಲಿಲ್ಲ. ಖಾಲಿ ಜಾಗ ಹಾರಿ, ಸಿಕ್ಕ ಅಂಕಿಗಳನ್ನು ಒಂದರ ಹಿಂದೊಂದು ತುರುಕುತ್ತಿತ್ತು.

"ಸರ್, ಒಂದು ಅಂಕಿ ಬಿಟ್ಟೋದ್ರೆ ಮುಂದಿನವೆಲ್ಲ ಒಂದು ಮನೆ ಹಿಂದಕ್ಕೆ ಜರುಗಲ್ವಾ? ಸಾಲು ಸಾಲಾಗಿ ಓದಿ ಎಣಿಸ್ಕೊಬೋದಲ್ಲ?" ಎಂದೆ.

"ಅವ್ವಾ ತಾಯಿ, ನೀನೇ ಬಂದು ಈ ಕುರ್ಚೀಲಿ ಕೂತ್ಕಬುಡು," ಎಂದರು. ತರಗತಿ ನಕ್ಕಿತು. "ಕಂಪ್ಯೂಟ್ರು ಕಣಮ್ಮ ಇದು. ತಪ್ಪು ಮಾಡಕೆ ನಿಮ್ಮೂರ ಡೇರಿ ಸೆಕ್ರೆಟ್ರಿ ಅಲ್ಲ!"

ಪಟ್ಟಿ ಗೋಡೆಗೇರಿತು. ನಮ್ಮ ಕಡೆ ಟ್ರಾನ್ಸ್‌ಫಾರ್ಮರಿನ ಫ್ಯೂಸು ಹೋದರೆ ಲೈನ್‌ಮನ್ನಿಗೆ ಯಾರೂ ಕಾಯುತ್ತಿರಲಿಲ್ಲ; ಕರೆಂಟಿಲ್ಲದ ಹೊತ್ತು ನೋಡಿ ತಾವೇ ತಂತಿ ಕಟ್ಟುತ್ತಿದ್ದರು. ಒಂದು ಮಧ್ಯಾಹ್ನ ನಮ್ಮ ಚಿಕ್ಕಪ್ಪನೂ ಹೊರಟರು. ಊಟದ ಬುತ್ತಿ ಹಿಡಿದು ಗದ್ದೆಗೆ ಹೋಗಿದ್ದ ನಾನು ಅಲ್ಲೇ ಇದ್ದೆ.

"ಚಿಕ್ಕಪ್ಪ, ಆ ಪಟ್ಟಿ ನಂಬ್ಬೇಡಿ."

"ಓದ್ದೋಳು ನೀನೇ ಇಂಗಂದ್ರೆ ಎಂಗವ್ವ? ಡೇರೀಲಿ ನೋಡ್ಕಂಡೇ ಬಂದಿವ್ನಿ, ಈ ಗಂಟೆಗೆ ಸೊನ್ನೆ ಅದೆ. ಲೈನ್‌ಮನ್ ಬರಗಂಟ ಪೈರು ಒಣಗೋಯ್ತದೆ, ಬುಡು."

ಟ್ರಾನ್ಸ್‌ಫಾರ್ಮರಿನ ಕಂಬ ಹತ್ತಿದರು. ಕೈ ಚಾಚಿದರು. ನೀಲಿ ಬೆಳಕು... ಸದ್ದು ಆಮೇಲೆ ಬಂತೇನೋ. ಪಕ್ಕದ ಗದ್ದೆಯವರು ಓಡಿಬಂದು ಒಣ ಬಿದಿರಿನ ಗಳುವಿನಿಂದ ಹೊಡೆದು ಕೆಡವಿದರು. ಕೆಸರಲ್ಲಿ ಬಿದ್ದ ಚಿಕ್ಕಪ್ಪ ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಸೊನ್ನೆ ಇತ್ತಲ್ಲವ್ವ," ಎಂದರು. ಜೀವ ಉಳಿಯಿತು. ಮಡಚಿಕೊಂಡ ಬಲಗೈ ಬೆರಳುಗಳು ಮತ್ತೆ ಬಿಚ್ಚಲಿಲ್ಲ. ಹಾಲು ಕರೆಯುವ ಕೈ ಅದು.

ಮರುದಿನ ತರಗತಿಯಲ್ಲಿ ಫೈಲು ತೆರೆದು ಎಣಿಸಿದೆ. ಇಲ್ಲ ಅನ್ನುವುದಕ್ಕೆ ಜಾಗ ಖಾಲಿ ಬಿಡುವುದು ನಮ್ಮ ಕಡೆ ಲೆಕ್ಕ ಬರೆಯುವವರ ರೂಢಿ. ತಾವೇ ಟೈಪು ಮಾಡಿದ ಮೇಷ್ಟ್ರು ನಮ್ಮೂರಿಗಿಂತ ಮೇಲಿನ ಸಾಲಿನಲ್ಲಿ, ಒಂದು ಸೊನ್ನೆಯ ಜಾಗವನ್ನು ಹಾಗೇ ಖಾಲಿ ಬಿಟ್ಟಿದ್ದರು. ಅಲ್ಲಿಂದ ಮುಂದೆ ಎಲ್ಲ ಊರಿನ ಕರೆಂಟೂ ಕಾಗದದ ಮೇಲೆ ಒಂದು ಗಂಟೆ ಮೊದಲೇ ಹೋಗುತ್ತಿತ್ತು. ತಂತಿಯಲ್ಲಿ ಮಾತ್ರ ಇರುತ್ತಿತ್ತು.

ತೋರಿಸಿದೆ. ಅವರು ತೆರೆಯ ಕಡೆ ಕತ್ತೂ ತಿರುಗಿಸಲಿಲ್ಲ. "ಪ್ರೋಗ್ರಾಂ ಸರಿಯಾಗೇ ಅದೆ. ನಿಮ್ ಚಿಕ್ಕಪ್ಪಂಗೆ ಕಂಬ ಅತ್ತು ಅಂದೋರ್ಯಾರು?"

ಆ ಸಂಜೆ ಅವರು ಸ್ಕೂಟರಿನಲ್ಲಿ ಡೇರಿಯಿಂದ ಡೇರಿಗೆ ಓಡಾಡಿದರಂತೆ. ಪಟ್ಟಿ ಕಿತ್ತುಹಾಕಲು ಇರಬೇಕೆಂದುಕೊಂಡೆ. ಹೋಗಿ ನೋಡಿದರೆ, ಮೇಲಿದ್ದ ತರಗತಿಯ ಹೆಸರನ್ನಷ್ಟೇ ಬ್ಲೇಡಿನಿಂದ ನೀಟಾಗಿ ಕೊಯ್ದು ಒಯ್ದಿದ್ದರು. ಕೊಲ್ಲುವ ಕೋಷ್ಟಕ ಗೋಡೆಯಲ್ಲೇ ಇತ್ತು. ಉಗುರಿನಿಂದ ಕೆರೆದು ಕಿತ್ತವಳು ನಾನು, ಊರೂರಿಗೆ ಹೋಗಿ.

"ನಿಮ್ ಕಂಪ್ಯೂಟ್ರು ಮೇಷ್ಟ್ರು ತೀರೋಗ್ಬುಟ್ರಂತಲ್ಲ ಮೇಡಂ," ಎಂದ ಗೊಬ್ಬರದ ಅಂಗಡಿಯವನು, ಬಿಲ್ಲು ಹರಿಯುತ್ತಾ. "ನಮ್ ತಮ್ಮನೂ ಅವ್ರತ್ರನೇ ಕಲ್ತಿದ್ದು. ಬೋ ಒಳ್ಳೇರು."

ನನಗೆ ದುಃಖವಾಗಲಿಲ್ಲ. ಚಿಕ್ಕಪ್ಪ ಹೋಗಿಯೂ ವರ್ಷಗಳಾದವು. ಮೇಷ್ಟ್ರನ್ನು ಒಮ್ಮೆ ಎದುರು ಕೂರಿಸಿ, ಆ ಸಾಲಿನ ಅಂಕಿಗಳನ್ನು ಅವರ ಬಾಯಿಂದಲೇ ಎಣಿಸಿ ಹೇಳಿಸಬೇಕೆಂದು ಇಷ್ಟು ಕಾಲ ಮಾತು ಜೋಡಿಸಿಟ್ಟುಕೊಂಡಿದ್ದೆ... ಇನ್ನು ಅದನ್ನು ಯಾರಿಗೆ ಹೇಳಲಿ? ಬಿಲ್ಲು ಈಸಿಕೊಂಡೆ. ಕೈಯ ಬೆವರಿಗೆ ಕಾಗದ ಒದ್ದೆಯಾಯಿತು.